ಕೊಡವಿಳಿಸಿದ ದಿಣ್ಣೆ

ಕುಂದಲಗೆರೆಯಿಂದ ಮೂಡಲಿಗೆ ಗಡಿಹಳ್ಳದ ಕಡೆ ಹೋಗುವ ಕಲ್ಲುದಾರಿಯಲ್ಲಿ, ಊರು ಕಣ್ಮರೆಯಾಗಿ ಹಳ್ಳವಿನ್ನೂ ಕಾಣಿಸದ ಜಾಗದಲ್ಲಿ, ಒಂದು ಬೋಳು ದಿಣ್ಣೆ ಇದೆ. ಅದರ ಮೇಲೆ ನಾಲ್ಕು ಕಂಬದ ಒಂದು ತಗ್ಗು ಮಂಟಪ. ಎತ್ತರದ ಆಳು ತಲೆ ಬಗ್ಗಿಸದೆ ಒಳಗೆ ಹೋಗಲಾರ. ಒಳಗೆ ವಿಗ್ರಹವಿಲ್ಲ, ಪಾದದ ಗುರುತಿಲ್ಲ, ಹೂವು ಕುಂಕುಮದ ಕಲೆಯೂ ಇಲ್ಲ. ಬೇಸಗೆಯ ಎರಡು ತಿಂಗಳು ಬಿಟ್ಟರೆ ಅಲ್ಲಿ ಮನುಷ್ಯರು ಕಾಣುವುದೇ ಅಪರೂಪ, ಮೇಕೆಗಳು ಮಲಗಿ ಮೆಲುಕು ಹಾಕುತ್ತಿರುತ್ತವೆ. ಈ ದಿಣ್ಣೆಯನ್ನು ಸುತ್ತಲಿನ ಹಳ್ಳಿಯವರು ಕೊಡವಿಳಿಸಿದ ದಿಣ್ಣೆ ಎನ್ನುತ್ತಾರೆ. ಹೆಸರು ಕೇಳಿದ ಹೊಸಬರು ಸುತ್ತ ಕಣ್ಣಾಡಿಸಿ ನಗುವುದುಂಟು. ಅಲ್ಲಿ ಬಾವಿಯಿಲ್ಲ, ಕುಂಟೆಯಿಲ್ಲ, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಒಂದು ಮನೆಯೂ ಇಲ್ಲ. ತುಂಬಿದ ಕೊಡ ಹೊತ್ತ ಹೆಂಗಸು ಅದನ್ನು ಮನೆಯ ಹೊಸ್ತಿಲಾಚೆ ಇಳಿಸುತ್ತಾಳೆಯೇ ಹೊರತು ಇಂಥ ನಡುಬಯಲಲ್ಲಿ ಯಾಕೆ ಇಳಿಸಿಯಾಳು? ಕುಂದಲಗೆರೆಯ ಹಿರಿಯರನ್ನು ಕೇಳಿದರೆ ಅವರು ದಿಣ್ಣೆಯ ಮಾತನ್ನೇ ಎತ್ತುವುದಿಲ್ಲ. ಮೊದಲು ಊರ ಕೆರೆಯ ನಡುವೆ ನಿಂತಿರುವ ಗುಡ್ಡವನ್ನು ತೋರಿಸಿ, ಅಲ್ಲಿಂದ ಶುರುಮಾಡುತ್ತಾರೆ.

ಹಿಂದೆ ಒಮ್ಮೆ, ಈಗ್ಗೆ ಸಾವಿರದ ಮೇಲೆಷ್ಟೋ ವರ್ಷಗಳ ಕೆಳಗೆ, ಕುಂದಲಗೆರೆಗೆ ಸಿರಿಯಣ್ಣನೆಂಬವನು ಗಾವುಂಡನಾಗಿದ್ದ, ಅಂದರೆ ಊರಿಗೆ ಹಿರಿಯ. ಆಗ ರಾಜ್ಯ ಯಾರದಾಗಿತ್ತು ಎಂಬ ವಿಷಯದಲ್ಲಿ ಹೇಳುವವರೊಳಗೇ ಜಗಳವಿದೆ. ದನ ಹೊಡೆಯುವವರಿಗೆ ಮಾತ್ರ ಯಾವ ರಾಜನಾದರೂ ಒಂದೇ ಆಗಿತ್ತು. ಒಂದು ಚೈತ್ರದಲ್ಲಿ ಗಡಿಹಳ್ಳದಾಚೆಯವರು ನುಗ್ಗಿ ಊರ ತುರುಗಳನ್ನು ಅಟ್ಟಿಕೊಂಡು ಹೊರಟರು. ಅಡ್ಡಗಟ್ಟಿದ ಸಿರಿಯಣ್ಣ ಕೆರೆಯ ಏರಿಯ ಮೇಲೆ ಭರ್ಜಿಯ ತಿವಿತಕ್ಕೆ ಬಿದ್ದ. ಅವನ ಹೆಂಡತಿ ಕೇತಬ್ಬೆಗೆ ಆಗ ಇಪ್ಪತ್ತಾರು ವರ್ಷ, ಮಕ್ಕಳಿರಲಿಲ್ಲ. ಹತ್ತು ದಿನ ಕಳೆದ ಮೇಲೆ ಅವಳು ಹುಲ್ಲು ಕೊಯ್ಯುವ ಕುಡುಗೋಲು ಹಿಡಿದು ಮೂಡಲಿಗೆ ನಡೆಯತೊಡಗಿದಳು. ಹಳ್ಳದವರೆಗೆ ಹೋಗುವಳು, ಆಚೆ ದಡವನ್ನು ನೋಡುತ್ತ ನಿಲ್ಲುವಳು. ಅತ್ತೆ ಹಿರಿಯಬ್ಬೆ ಹಿಂದೆಯೇ ಓಡಿ ಹೋಗಿ ಕೈಹಿಡಿದು ಕರೆತರುವಳು. ಮರುದಿನ ಮತ್ತೆ ಅದೇ ಪಾಡು. ಹೆತ್ತ ಮಗನಿಗಾಗಿ ಅಳುವುದಕ್ಕೂ ಪುರುಸೊತ್ತಿಲ್ಲದೆ ಆ ಮುದುಕಿ ಸೊಸೆಯ ಕಾಲನ್ನು ಕಾಯುತ್ತಿದ್ದಳು. ಒಂದು ದಿನ ಕೇತಬ್ಬೆಗೇ ಭಯವಾಯಿತು. ಹಳ್ಳ ದಾಟಿದರೆ ತಾನು ಸಿಕ್ಕಿದವನನ್ನು ಕೊಯ್ಯುವುದು ಖಂಡಿತ, ಅವನು ಕೊಂದವನೇ ಹೌದೋ ಅಲ್ಲವೋ ಎಂದು ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು.

ಶ್ರಾವಕರು, ಅಂದರೆ ಸಂಸಾರದಲ್ಲಿರುವ ಜೈನರು, ಹಿಡಿಯುವ ವ್ರತಗಳಲ್ಲಿ ದಿಗ್ವ್ರತವೆಂಬುದೊಂದಿದೆ. ಮೂಡಲಿಗೆ ಇಂಥ ಬಂಡೆಯವರೆಗೆ, ಪಡುವಲಿಗೆ ಇಂಥ ಮರದವರೆಗೆ, ಅದರಾಚೆ ಬದುಕಿರುವ ತನಕ ಕಾಲಿಡುವುದಿಲ್ಲ ಎಂದು ನಾಲ್ಕು ದಿಕ್ಕಿಗೂ ಎಲ್ಲೆ ಹಾಕಿಕೊಳ್ಳುವುದು. ಎಲ್ಲೆಯಾಚೆಗಿನ ಜೀವಗಳಿಗಾದರೂ ನಮ್ಮ ಕೈಯಿಂದ ಕೇಡಾಗದಿರಲಿ ಎಂಬುದು ಅದರ ಅರ್ಥ. ಜಾಣ ವ್ಯಾಪಾರಿಗಳು ಹಿಮವಂತದಿಂದ ಸೇತುವಿನವರೆಗೆ ಎಲ್ಲೆ ಹಾಕಿಕೊಂಡು, ವ್ಯಾಪಾರಕ್ಕೂ ತೊಂದರೆಯಿಲ್ಲದೆ ವ್ರತಿಗಳೂ ಅನ್ನಿಸಿಕೊಂಡದ್ದುಂಟು. ಕೇತಬ್ಬೆ ಜಾಣೆಯಲ್ಲ. ಊರಿಗೆ ಬಂದಿದ್ದ ಮುನಿಗಳ ಮುಂದೆ ಕುಡುಗೋಲನ್ನಿಟ್ಟು, ಕೆರೆಯ ನಡುವಿನ ಗುಡ್ಡದ ಮೇಲೆ ಇದ್ದುಬಿಡುತ್ತೇನೆ, ನಾಲ್ಕು ದಿಕ್ಕಿಗೂ ಈ ಕೆರೆಯ ನೀರೇ ನನಗೆ ಎಲ್ಲೆ ಎಂದಳು. ಎಲ್ಲೆಯೆಂಬುದು ಕದಲದ ವಸ್ತುವಾಗಿರಬೇಕು, ನೀರು ಏರುತ್ತದೆ ಇಳಿಯುತ್ತದೆ ಎಂದು ಮುನಿಗಳು ಹೇಳಬೇಕಿತ್ತು. ಆದರೆ ಆಷಾಢ ಹತ್ತಿರವಾಗಿತ್ತು, ಮಳೆಗಾಲ ಹಿಡಿಯುವುದರೊಳಗೆ ಅವರು ನಾಲ್ಕು ತಿಂಗಳ ತಂಗುದಾಣ ಸೇರಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಮಾತು ಮುನಿಗಳಿಗೂ ಸಲ್ಲುತ್ತದೆ. ತಥಾಸ್ತು ಎಂದು ನವಿಲುಗರಿಯ ಪಿಂಛ ಎತ್ತಿ ಹೊರಟೇಬಿಟ್ಟರು. ಅಣ್ಣನ ಜಾಗದಲ್ಲಿ ಗಾವುಂಡನಾಗಿದ್ದ ಮೈದುನ ದೋರಯ್ಯ ಅತ್ತಿಗೆಯ ವ್ರತಕ್ಕೆ ಕಾವಲಾಗಿ ಕೊಡದ ನೀರನ್ನು ಧಾರೆಯೆರೆದು, ಆ ನೀರು ಸುತ್ತುವರಿದ ಎಲ್ಲೆಯೊಳಗೆ ಯಾವ ಜೀವವನ್ನೂ ಕೊಲ್ಲಕೂಡದು, ಕೊಂದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಎಂದು ಕಲ್ಲಿನ ಮೇಲೆ ಬರೆಸಿದ. ಬರೆಸುವಾಗ ಅವನ ಮನಸ್ಸಿನಲ್ಲಿದ್ದದ್ದು ಗುಡ್ಡದ ಮೇಲೆ ಗೂಡುಕಟ್ಟುವ ಬಾತು, ಕೊಕ್ಕರೆ. ಮನುಷ್ಯ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಹಿರಿಯಬ್ಬೆ ಮಾತ್ರ ಆ ದಿನ ಏರಿಯ ಹತ್ತಿರ ಬರಲಿಲ್ಲ. ಮಗನನ್ನು ಭರ್ಜಿ ತಿಂದಿತು, ಸೊಸೆಯನ್ನು ಕೆರೆ ತಿಂದಿತು ಎಂದು ಬಾಗಿಲು ಹಾಕಿಕೊಂಡು ಕುಳಿತಳು. ಏಳು ವರ್ಷ ಕಳೆದರೂ ಆ ಕಡೆ ಮುಖ ಹಾಕಲಿಲ್ಲ. ಊರಿನ ನೀರಗಂಟಿಯ ಹೆಂಡತಿ ಚಾಗವ್ವ ದಿನಕ್ಕೊಮ್ಮೆ ಹರಿಗೋಲಿನಲ್ಲಿ ಬಂದು ಗಂಜಿಯ ಕುಡಿಕೆ ಇಟ್ಟು ಹೋಗುವಳು. ಕೆರೆಗೆ ನೀರು ಬಿಡುವುದು, ತೂಬು ಮುಚ್ಚುವುದು ಅವಳ ಗಂಡನ ಕೆಲಸವಾದ್ದರಿಂದ ನೀರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ ಬರುತ್ತಿತ್ತು. ಕಾಯಿಲೆಯವರು, ಮನೆ ಜಗಳದವರು ಬಂದು ಅಬ್ಬೆ ಎಂದು ಕೈಮುಗಿದು ಕೂರತೊಡಗಿದರು. ಅವಳು ಹೆಚ್ಚು ಮಾತಾಡದಿರುವುದನ್ನೇ ಜನ ತಪಸ್ಸೆಂದು ತಿಳಿದರು. ನಿಜಕ್ಕೂ ಅವಳು ಒಳಗೊಳಗೇ ಬೇಯುತ್ತಿದ್ದಳು. ಗುಡ್ಡವೆಂದರೆ ಉದ್ದಕ್ಕೆ ನೂರು ಹೆಜ್ಜೆ, ಅಗಲಕ್ಕೆ ಅರವತ್ತು. ಒಂದೊಂದು ಕಲ್ಲಿನ ಹೊಟ್ಟೆ ಬೆನ್ನು ಅವಳಿಗೆ ಗೊತ್ತು. ಬೇಸಗೆಯಲ್ಲಿ ನೀರು ಹಿಂದೆ ಸರಿದು ನಾಲ್ಕಾರು ಮಾರು ಹೊಸ ಕೆಸರುನೆಲ ಎದ್ದಾಗ ಅದರ ಮೇಲೆ ಬರಿಗಾಲಲ್ಲಿ ನಡೆದು ಹಿಗ್ಗುವಳು, ಹಿಗ್ಗಿದ್ದಕ್ಕೆ ನಾಚುವಳು. ಮಳೆ ಬಂದು ಆ ನೆಲವನ್ನೂ ಕಿತ್ತುಕೊಂಡಾಗ ಉಸಿರುಗಟ್ಟಿ ತುದಿಯ ಬಂಡೆ ಏರಿ ಕೂರುವಳು. ಕಾಲು ಕಟ್ಟಿದರೆ ಸಿಟ್ಟು ತಾನಾಗಿ ಸಾಯುತ್ತದೆ ಎಂದುಕೊಂಡಿದ್ದಳು. ಕಟ್ಟಿಹಾಕಿದ ಹೋರಿ ಎಲ್ಲಾದರೂ ಸಾಧುವಾಗುತ್ತದೆಯೇ?

ಎಂಟನೆಯ ವರ್ಷದ ಮಾಘದಲ್ಲಿ, ಒಂದು ಮುಂಜಾನೆ, ಅವಳು ನೀರು ಸೋಸಿಕೊಳ್ಳಲು ಇಳಿದಾಗ ಜೊಂಡಿನಲ್ಲಿ ಒಬ್ಬ ಗಂಡಸು ಬಿದ್ದಿದ್ದ. ಈಜಿ ಬಂದಿದ್ದ, ತೊಡೆಯಲ್ಲಿ ಬಾಣದ ಗಾಯ. ಹೆಸರು ಎರೆಗ ಎಂದ. ನಿನ್ನೆ ಸಂಜೆ ಹಳ್ಳದಾಚೆಯಿಂದ ಮತ್ತೆ ತುರುಗಳಿಗಾಗಿ ಬಂದೆವೆಂದೂ, ಜೊತೆಯವರೆಲ್ಲ ಸತ್ತರೆಂದೂ, ಈ ಗುಡ್ಡದಲ್ಲಿ ಕೊಲ್ಲುವುದಿಲ್ಲವಂತೆ ಎಂದು ಕೇಳಿ ಬಂದೆನೆಂದೂ ಹೇಳಿದ. ಕೇತಬ್ಬೆ ಅವನ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದಳು. ಕಟ್ಟಿ ಮುಗಿಸುವ ಹೊತ್ತಿಗೆ ದೋರಯ್ಯನ ಹರಿಗೋಲು ಬಂದು ದಡದಿಂದ ಎರಡು ಮಾರು ದೂರ ನಿಂತಿತು. ಅವನು ಕೆಳಗಿಳಿಯಲಿಲ್ಲ.

"ಅತ್ತಿಗೆ, ಅವನ್ನ ನೀರಿಗೆ ದೂಡಿ. ಉಳಿದದ್ದು ನಾವು ನೋಡ್ಕೊಂತೀವಿ," ಎಂದ.

"ಅವನು ಬದುಕೋಕೆ ಅಂತ ಬಂದಿದಾನೆ, ದೋರಯ್ಯ."

"ಅಣ್ಣನ ಹೊಟ್ಟೆಗೆ ಭರ್ಜಿ ಹಾಕಿದೋನು ಅವನೇ. ಎಡಗೈಯಾಗೆ ಎರಡು ಬೆರಳಿಲ್ಲ ನೋಡಿ. ಅಣ್ಣ ಬೀಳೋ ಮುಂಚೆ ಕಡಿದಿದ್ದು ಅದು. ನಾನು ಪಕ್ಕದಾಗೇ ಇದ್ದೆ."

ಕೇತಬ್ಬೆ ತಿರುಗಿ ನೋಡಿದಳು. ಎರೆಗ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಿದ್ದ. ತಾನೀಗ ಸೊಪ್ಪು ಕಟ್ಟಿದ ಬೆರಳುಗಳನ್ನು ಅವಳು ಸೀರೆಗೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು. ಕೊನೆಗೆ ದೋರಯ್ಯನಿಗೆ ಹೇಳಿದ್ದು ಇಷ್ಟೇ: "ನೀನು ಕಲ್ಲಿನ ಮ್ಯಾಲೆ ಬರೆಸಿದೀಯ. ನಾನು ಮುನಿಗಳ ಮುಂದೆ ಅಂದಿದೀನಿ. ಈಗ ನಾನೇನು ಮಾಡ್ಲಿ ಹೇಳು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೋರಯ್ಯ ಊರ ದಡಕ್ಕೆ ಮರಳಿ ಕೆರೆಯ ಸುತ್ತ ಕಾವಲು ಹಾಕಿಸಿದ, ಗುಡ್ಡಕ್ಕೆ ಒಬ್ಬಳಿಗಾಗುವಷ್ಟೇ ಗಂಜಿ ಹೋಗಲಿ ಎಂದು ಕಟ್ಟಪ್ಪಣೆ ಮಾಡಿದ.

ಹೀಗೆ ಇಬ್ಬರೂ ಸಿಕ್ಕಿಬಿದ್ದರು. ಯಾರನ್ನು ಕೊಲ್ಲಬಾರದೆಂದು ಅವಳು ಕಾಲಿಗೆ ಎಲ್ಲೆ ಹಾಕಿಕೊಂಡಳೋ ಅವನೇ ಎಲ್ಲೆಯೊಳಗೆ ಬಂದು ಕುಳಿತಿದ್ದ. ಅವನಿಗೆ ಆಚೆ ಹೋದರೆ ಸಾವು, ಅವಳಿಗೆ ಆಚೆ ಹೋದರೆ ವ್ರತಭಂಗ. ಒಂದು ಕುಡಿಕೆ ಗಂಜಿಯನ್ನು ಎರಡು ಮಾಡಿ, ಅವನ ಪಾಲನ್ನು ಕಲ್ಲಿನ ಮೇಲಿಟ್ಟು, ಮುಖ ತಿರುಗಿಸಿಕೊಂಡು ತನ್ನ ಪಾಲು ಕುಡಿಯುವಳು. ಅವನು ಕುಡಿಯುವ ಸದ್ದು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ನೂರು ಹೆಜ್ಜೆಯ ಗುಡ್ಡದಲ್ಲಿ ಒಬ್ಬನ ಸದ್ದಿನಿಂದ ಎಲ್ಲಿಗೆ ತಪ್ಪಿಸಿಕೊಂಡು ಹೋಗುವುದು? ಒಮ್ಮೆ ಅವನು, "ಕೊಲ್ಲಬೇಕೂಂತ ಬಂದಿರ್ಲಿಲ್ಲ ತಾಯಿ. ನಮ್ ಕಡೆ ಆ ವರ್ಷ ಒಂದು ಕರುನೂ ಉಳಿದಿರ್ಲಿಲ್ಲ," ಎಂದು ಬಾಯಿ ತೆರೆದ. ಅವಳು, "ನಿನ್ನ ಕತೆ ನನಗೆ ಬೇಡ. ಗಂಜಿ ಕುಡಿ, ದೂರ ಕೂತ್ಕೋ," ಎಂದಳು. ಅಂದಿನಿಂದ ಅವನು ಗುಡ್ಡದ ಬಡಗಣ ತುದಿಯಲ್ಲಿ, ಅವಳು ತೆಂಕಣ ತುದಿಯಲ್ಲಿ. ಆದರೂ ಬೆಳಗಾದರೆ ಇಬ್ಬರೂ ಮಾಡುತ್ತಿದ್ದ ಕೆಲಸ ಒಂದೇ, ನೀರು ಎಷ್ಟು ಇಳಿಯಿತೆಂದು ನೋಡುವುದು.

ಹೋಳಿಯ ಹುಣ್ಣಿಮೆ ಕಳೆದ ಮೇಲೆ ಅಕಾಲದ ಮಳೆ ಒಂದು ದಿನವಿಡೀ ಸುರಿಯಿತು. ಮರುದಿನ ಮಧ್ಯಾಹ್ನ, ಗಾಯದ ಜ್ವರದಲ್ಲಿ ಬಳಲಿದ ಎರೆಗ ಬಡಗಣ ಬಂಡೆಯ ಬುಡದಲ್ಲಿ ನಿದ್ದೆ ಹೋಗಿದ್ದ. ಹಳ್ಳಕೊಳ್ಳಗಳ ನೀರು ನಿಧಾನವಾಗಿ ಕೆರೆಗೆ ಬಂದು ಸೇರುತ್ತಿತ್ತು. ಕೇತಬ್ಬೆ ಆ ಕಡೆ ಹೋದಾಗ ನೀರು ಗೇಣುದ್ದ ಏರಿ ಅವನ ಪಾದಗಳನ್ನು ದಾಟಿತ್ತು. ಕಣಕಾಲಿನಿಂದ ಕೆಳಗೆ ಅವನು ಎಲ್ಲೆಯ ಆಚೆಗಿದ್ದ. ಎದುರು ದಡದ ಬಿಲ್ಲಾಳುಗಳೂ ಅದನ್ನು ಕಂಡಿದ್ದರು, ಇಬ್ಬರು ಎದ್ದು ನಿಂತಿದ್ದರು. ಅವಳು ಸುಮ್ಮನಿದ್ದರೆ ಸಾಕಿತ್ತು. ಕೂಗುವುದೂ ಬೇಡ, ದೂಡುವುದೂ ಬೇಡ, ನೀರು ತನ್ನಷ್ಟಕ್ಕೆ ಏರುತ್ತಿತ್ತು, ಪಾಪವೂ ಇವಳ ತಲೆಗೆ ಬರುತ್ತಿರಲಿಲ್ಲ. ಅವಳು ಅದನ್ನು ಬಯಸಿದಳು. ಸಂತಳೆಂದು ಹೇಳಿಕೊಂಡು ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ; ಅವಳು ಮನಸಾರೆ ಬಯಸಿದಳು, ಮತ್ತು ನೀರು ಅವನ ಮೊಣಕಾಲು ಮುಟ್ಟುವ ತನಕ ಅಲ್ಲೇ ನಿಂತು ನೋಡಿದಳು ಎಂದೇ ಹಿರಿಯರು ಹೇಳುತ್ತಾರೆ. ಆಮೇಲೆ ಬಗ್ಗಿ ಅವನ ಭುಜ ಅಲುಗಿಸಿ, "ಕಾಲು ಒಳಗೆ ತಗೋ," ಎಂದಳು. ಅವನು ಎಚ್ಚೆತ್ತು ನೀರನ್ನೂ ಅವಳ ಮುಖವನ್ನೂ ನೋಡಿ ಎಲ್ಲವನ್ನೂ ತಿಳಿದುಕೊಂಡ. ಕಾಲು ಒಳಗೆಳೆದುಕೊಂಡ. ಅವಳು ತನ್ನ ತುದಿಗೆ ಹೋಗಿ ಬಂಡೆಗೆ ಹಣೆಯಿಟ್ಟು ಬಹಳ ಹೊತ್ತು ಅತ್ತಳು, ಅದು ಕರುಣೆಯ ಅಳುವಲ್ಲ.

ಈ ಸುದ್ದಿ ದೋರಯ್ಯನಿಗೆ ಮುಟ್ಟಿದ ಮೇಲೆ ಅವನು ಸಮಯಕ್ಕಾಗಿ ಕಾದು ಕೂರುವುದನ್ನು ಬಿಟ್ಟ. ಕೆರೆ ಒಣಗಿದರೆ ನೀರೆಲ್ಲಿ, ನೀರಿಲ್ಲದಿದ್ದರೆ ಎಲ್ಲೆಯೆಲ್ಲಿ? ತೂಬು ತೆಗೆಸಿಬಿಟ್ಟ. ಕೊಯ್ಲು ಮುಗಿದ ಬಯಲಿಗೆ, ಯಾವ ಪೈರಿಗೂ ಬೇಡದ ನೀರು ಹಗಲಿರುಳು ಹರಿಯಿತು. ಗುಡ್ಡದ ಸುತ್ತಲಿನ ನೀರು ಎರಡೂ ಕಡೆಯಿಂದ ಕಿರಿದಾಗುತ್ತ ಬಂದು ಕಾಲುವೆಯಷ್ಟಾಯಿತು, ಮತ್ತೆ ಚರಂಡಿಯಷ್ಟಾಯಿತು. ಕಾವಲಿನ ಆಳುಗಳು ದಿನಕ್ಕಿಷ್ಟು ಹತ್ತಿರ ಬಂದರು, ಈಗ ಅವರ ಮುಖಗಳನ್ನು ಗುಡ್ಡದಿಂದಲೇ ಗುರುತು ಹಿಡಿಯಬಹುದಾಗಿತ್ತು. ಊರಿನಲ್ಲಿ ಕುಡಿಯುವ ನೀರಿಗೇ ಹಾಹಾಕಾರ. ಹೆಂಗಸರು ಒರತೆ ತೋಡಿ ಚಿಪ್ಪಿನಲ್ಲಿ ಮೊಗೆಯುತ್ತ ದೋರಯ್ಯನಿಗೆ ಶಾಪ ಹಾಕತೊಡಗಿದರು. ಚಾಗವ್ವ ಈಗ ಹರಿಗೋಲಿಲ್ಲದೆ ಕೆಸರು ತುಳಿದೇ ಬರುತ್ತಿದ್ದಳು.

"ಇನ್ನು ಮೂರು ದಿನ ಅಬ್ಬೆ. ಆಮೇಲೆ ಇಲ್ಲಿ ನೀರು ಸುತ್ತುಗಟ್ಟಿರಲ್ಲ," ಎಂದಳು. "ಅವನು ಸತ್ರೆ ಸಾಯ್ಲಿ. ನನ್ ತಮ್ಮನೂ ಗಾವುಂಡ್ರ ಜೊತೆ ಅವತ್ತೇ ಏರಿ ಮ್ಯಾಲೆ ಹೋದ. ಆದ್ರೆ ನಿಮ್ ಮಡಿಲಾಗೆ ಕೊಂದ್ರೆ ನೀವು ಅನ್ನ ನೀರು ಬಿಡ್ತೀರಿ, ನನಗೆ ಗೊತ್ತು."

ಕೇತಬ್ಬೆ ಇಲ್ಲವೆನ್ನಲಿಲ್ಲ. ಅಭಯ ಕೊಟ್ಟ ಜೀವ ಕಣ್ಣೆದುರು ಹೋದರೆ ಉಪವಾಸದಲ್ಲಿ ದೇಹ ಬಿಡುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಗಂಡನ ಕೊಲೆಗಾರನ ಜೊತೆಗೆ ಸಾಯಬೇಕಾಗಿ ಬಂತಲ್ಲ ಎಂಬ ಹೇಸಿಗೆ ಅವಳಿಗೆ ಸಾವಿಗಿಂತ ದೊಡ್ಡದಾಗಿತ್ತು. ಚಾಗವ್ವ ಊರಿಗೆ ಹೋಗಿ ಎರಡು ದಿನ ಮನೆ ಮನೆ ತಿರುಗಿದಳು. ಎಲ್ಲರ ಮನೆಗೂ ಹೋದವಳು, ಏಳು ವರ್ಷದಿಂದ ಮುಚ್ಚಿದ್ದ ಹಿರಿಯಬ್ಬೆಯ ಬಾಗಿಲನ್ನೂ ತಟ್ಟಿದಳು ಎನ್ನುತ್ತಾರೆ.

ಮೂರನೆಯ ಬೆಳಗ್ಗೆ ಪಡುವಣ ಬದಿಯಲ್ಲಿ ನೀರು ಹರಿದುಹೋಗಿ ಬರಿ ಕೆಸರು ಕಂಡಿತು. ಬಡಗಲಿನ ತಗ್ಗಿನಲ್ಲಿ ಮೊಣಕಾಲುದ್ದದ ಒಂದು ಮಡು ಮಾತ್ರ ಉಳಿದಿತ್ತು. ದೋರಯ್ಯ ಭರ್ಜಿಯವರನ್ನು ಸಾಲು ನಿಲ್ಲಿಸುತ್ತಿರುವಾಗ ಊರ ಹೆಂಗಸರು, ಎಪ್ಪತ್ತೋ ಎಂಬತ್ತೋ ಜನ, ಕೊಡ ಹಿಡಿದು ಕೆರೆಗಿಳಿದರು. ನೀರಿಗೆ ಬಂದವರೆಂದು ಯಾರೂ ತಡೆಯಲಿಲ್ಲ. ಅವರು ಮಡುವಿಗೆ ಅರಿಸಿನ ಎರಚಿ, ಮದುವೆಗೆ ಗಂಗೆ ತುಂಬುವ ರೀತಿಯಲ್ಲಿ ಒಟ್ಟಿಗೇ ಕೊಡ ಮುಳುಗಿಸಿ ಎತ್ತಿದರು. ಹಾಗೆ ತುಂಬಿದ ಗಂಗೆಗೆ ಒಂದು ಕಟ್ಟಳೆಯಿದೆ. ಸೇರುವ ಜಾಗ ಸೇರುವ ತನಕ ಅದನ್ನು ಕುಡಿಯಬಾರದು, ನೆಲಕ್ಕಿಳಿಸಬಾರದು, ಸಾಲಿನಲ್ಲಿ ಒಬ್ಬಳು ಇಳಿಸಿದರೂ ಎಲ್ಲರೂ ಇಳಿಸಿದ ಹಾಗೆ, ಗಂಗೆ ಬಿಟ್ಟುಹೋದ ಹಾಗೆ. ಕೊಡಗಳನ್ನು ತಲೆಯ ಮೇಲಿಟ್ಟುಕೊಂಡು ಅವರು ಗುಡ್ಡ ಹತ್ತಿ, ಕೇತಬ್ಬೆಯನ್ನೂ ಎರೆಗನನ್ನೂ ನಡುವೆ ಬಿಟ್ಟು, ಭುಜಕ್ಕೆ ಭುಜ ತಾಗಿಸಿ ದುಂಡಗೆ ನಿಂತರು. ದೋರಯ್ಯ ಓಡಿಬಂದ. ಅವನ ಎದುರಿಗೆ ನಿಂತಿದ್ದವಳು ಹಿರಿಯಬ್ಬೆ. ಕೊಡ ಅವಳ ತಲೆಯ ಮೇಲೆ ನಡುಗುತ್ತಿತ್ತು.

"ಅವ್ವ, ಇದು ಕೆರೆಯಲ್ಲ, ಕೊಡ. ಪಕ್ಕಕ್ಕೆ ಬಾ," ಎಂದ ದೋರಯ್ಯ.

"ನಿನ್ನ ಮದುವೇಲಿ ಕೊಡದಾಗಿನ ಗಂಗೆಗೆ ಅಡ್ಡಬಿದ್ದೆಯಲ್ಲ ಮಗ, ಕೆರೆ ಮನೆಗೆ ಬಂತು ಅಂತ. ಆಣೆ ಮಾಡುವಾಗ ನೀನು ಧಾರೆ ಎರೆದದ್ದೂ ಕೊಡದಿಂದಲೇ. ಅವಾಗ ಕೆರೆ ಆಗಿದ್ದು ಇವಾಗ ಕೊಡ ಆಯ್ತಾ?"

"ನಿನ್ನ ಹಿರೀಮಗನ್ನ ಕೊಂದೋನು ಅವ್ವ ಅವನು."

"ನನಗೆ ಗೊತ್ತಿಲ್ವಾ? ಅವನ ಮುಖ ನಾನು ನೋಡಲ್ಲ, ಅದಕ್ಕೇ ಬೆನ್ನು ಹಾಕಿ ನಿಂತಿದೀನಿ. ನನಗೆ ಬೇಕಾಗಿರೋದು ಸೊಸೆ. ಮಗನ್ನ ಕಳ್ಕೊಂಡಿದ್ದು ಸಾಕು, ದಾರಿ ಬಿಡು."

ಭರ್ಜಿ ಹಿಡಿದವರ ಹೆಂಡಿರು, ತಾಯಂದಿರು, ಅಕ್ಕತಂಗಿಯರೇ ಆ ಸುತ್ತಿನಲ್ಲಿದ್ದರು. ಮೊದಲು ಒಬ್ಬ ಭರ್ಜಿ ಇಳಿಸಿದ, ಆಮೇಲೆ ಎಲ್ಲರೂ. ತಾನೇ ಬರೆಸಿದ ಕಲ್ಲಿನ ಬಲೆಯಲ್ಲಿ ಸಿಕ್ಕಿಬಿದ್ದ ದೋರಯ್ಯ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ನೀರಿನ ಸುತ್ತು ಗುಡ್ಡ ಇಳಿಯಿತು, ಏರಿ ದಾಟಿತು, ಮೂಡಲಿಗೆ ತಿರುಗಿತು.

ವೈಶಾಖದ ಬಿಸಿಲು. ನಡುವೆ ಕೇತಬ್ಬೆ ನಡೆದಳು, ಅವಳ ಹಿಂದೆ ಕುಂಟುತ್ತ ಎರೆಗ. ಎಂಟು ವರ್ಷದ ಮೇಲೆ ಅವಳು ಏರಿಯನ್ನು ತುಳಿದಿದ್ದಳು, ಗಂಡ ಬಿದ್ದ ಜಾಗವನ್ನು ದಾಟಿದ್ದಳು, ಆದರೆ ಸುತ್ತಲಿನ ಬೆನ್ನುಗಳ ಆಚೆ ಅವಳಿಗೆ ಏನೂ ಕಾಣಿಸಲಿಲ್ಲ. ಎಲ್ಲೆ ಈಗ ಹತ್ತು ಹೆಜ್ಜೆಯಷ್ಟಾಗಿ ಅವಳ ಜೊತೆಗೇ ನಡೆಯುತ್ತಿತ್ತು. ಹಿಂದೆ ಬಿಲ್ಲೇಟಿನ ದೂರದಲ್ಲಿ ದೋರಯ್ಯನೂ ಅವನ ಆಳುಗಳೂ ಬರುತ್ತಿದ್ದರು, ಒಂದು ಕೊಡ ಇಳಿಯಲಿ ಎಂದು ಕಾಯುತ್ತ. ಎರಡು ದಿನದಿಂದ ನೆಟ್ಟಗೆ ನೀರು ಕುಡಿಯದ ಹೆಂಗಸರು ತಲೆಯ ಮೇಲೆ ತುಳುಕುವ ನೀರಿನ ಸದ್ದು ಕೇಳುತ್ತ ಬಾಯಿ ಒಣಗಿಸಿಕೊಂಡು ನಡೆದರು. ಒಬ್ಬಳೂ ಇಳಿಸಲಿಲ್ಲ. ಗಡಿಹಳ್ಳ ಬಂದಾಗ ಅದರಲ್ಲಿ ಬರಿಯ ಮರಳು. ಸುತ್ತು ಆಚೆ ದಡದ ಬದಿಯಲ್ಲಿ ತೆರೆದುಕೊಂಡಿತು. ಎರೆಗ ಅವಳ ಕಾಲಿಗೆ ಬೀಳಲು ಬಗ್ಗಿದ. ಕೇತಬ್ಬೆ ಹಿಂದೆ ಸರಿದಳು.

"ಮುಟ್ಟಬೇಡ. ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ, ಹೋಗೋದೂ ಇಲ್ಲ. ನಡಿ," ಎಂದಳು. ಅವನು ಮರಳು ದಾಟಿ ಆಚೆ ದಡ ಹತ್ತಿ ಹೋದ.

ಅವನ ಜೀವ ಉಳಿಯಿತು, ದೋರಯ್ಯನ ಆಣೆ ಉಳಿಯಿತು. ಇನ್ನು ಕೇತಬ್ಬೆಯನ್ನು ಅದೇ ನೀರಿನ ನಡುವೆ ಗುಡ್ಡಕ್ಕೆ ಮುಟ್ಟಿಸಬೇಕಿತ್ತು, ಇಲ್ಲವಾದರೆ ಅವಳು ಎಲ್ಲೆಯಾಚೆ ಉಳಿದುಬಿಡುತ್ತಾಳೆ. ಸುತ್ತು ಮತ್ತೆ ಕೂಡಿಕೊಂಡು ಪಡುವಲಿಗೆ ತಿರುಗಿತು. ಹಳ್ಳ ಹಿಂದಾಗಿ, ಊರು ಇನ್ನೂ ಕಾಣಿಸದ ಈ ದಿಣ್ಣೆಯನ್ನು ಹತ್ತುವಾಗ ಹಿರಿಯಬ್ಬೆಯ ಹೆಜ್ಜೆ ತಡವರಿಸಿತು. ಕೇತಬ್ಬೆ ಅವಳ ಬೆನ್ನ ಹಿಂದೆಯೇ ಇದ್ದಳು. ಮುದುಕಿಯ ಕುತ್ತಿಗೆಯ ಬೆವರು ನಿಂತುಹೋಗಿತ್ತು, ತುಟಿ ಬಿರಿದು ನೆತ್ತರು ಹೆಪ್ಪುಗಟ್ಟಿತ್ತು, ಮೊಣಕಾಲು ಮಡಚಿಕೊಳ್ಳುತ್ತಿತ್ತು. ಆದರೂ ಎರಡೂ ಕೈ ಕೊಡವನ್ನು ಬಿಟ್ಟಿರಲಿಲ್ಲ. ಪಕ್ಕದ ಚಾಗವ್ವ, "ಅಮ್ಮಾರೇ, ಇನ್ನು ಸ್ವಲ್ಪವೇ," ಎಂದು ಸುಳ್ಳು ಹೇಳಿದಳು, ಇನ್ನೂ ಅರ್ಧ ದಾರಿಯಿತ್ತು. ತನ್ನ ಕಾಲಿಗೆ ತಾನೇ ಹಾಕಿಕೊಂಡ ಹಗ್ಗ ಈ ಮುದುಕಿಯ ಕುತ್ತಿಗೆಗೆ ಬಿಗಿಯುತ್ತಿದೆ ಎಂದು ಕೇತಬ್ಬೆಗೆ ಆಗ ಕಂಡಿತು. ಅವಳು ಹಿಂದಿನಿಂದ ಕೈಚಾಚಿ ಕೊಡವನ್ನು ಹಿಡಿದಳು.

"ಬ್ಯಾಡ," ಎಂದಳು ಹಿರಿಯಬ್ಬೆ, ತಿರುಗದೆಯೇ. "ಇಳಿಸಬ್ಯಾಡ ಕಣೆ. ಎಂಟು ವರ್ಷದ ವ್ರತ ಹೊಳೇಲಿ ಹುಣಸೆಹಣ್ಣು ತೊಳೆದಂಗಾಗ್ತದೆ."

"ಆ ಪಾಪಿಗೋಸ್ಕರ ಎಲ್ಲೆ ಕಾಯ್ದೆ ಅತ್ತೆಮ್ಮ. ನಿಮಗೋಸ್ಕರ ಮುರಿಯೋಕೆ ಆಗಲ್ವಾ ನನಗೆ?"

ಅವಳು ಕೊಡವನ್ನು ಅತ್ತೆಯ ತಲೆಯಿಂದ ಎತ್ತಿ ನೆಲಕ್ಕಿಳಿಸಿದಳು. ಮುದುಕಿಯನ್ನು ತೋಳಿಗೆ ಒರಗಿಸಿಕೊಂಡು ಬೊಗಸೆಯಲ್ಲಿ ನೀರು ಕುಡಿಸಿದಳು, ಅವಳು ಕುಡಿದು ಕಣ್ಣು ಬಿಟ್ಟ ಮೇಲೆ ಉಳಿದವರ ಕಡೆ ತಿರುಗಿ, "ಇಳಿಸಿ. ಎಲ್ಲರೂ ಕುಡೀರಿ," ಎಂದಳು. ಒಂದರ ಹಿಂದೊಂದು ಕೊಡ ಇಳಿದವು. ಹೆಂಗಸರು ಕೊಡಗಳ ಮೇಲೆ ಬಗ್ಗಿ ತಮ್ಮ ಕೆರೆಯ ಕೊನೆಯ ನೀರನ್ನು ಕುಡಿದರು. ಹಿಂದೆ ಬರುತ್ತಿದ್ದ ಗಂಡಸರಿಗೂ ಕೊಟ್ಟರು, ದೋರಯ್ಯನಿಗೆ ಚಾಗವ್ವನೇ ಬೊಗಸೆಗೆ ಎರೆದಳು. ಎರೆಗ ಆಗ ಹಳ್ಳ ದಾಟಿ ಎಷ್ಟೋ ದೂರ ಹೋಗಿದ್ದ, ದೋರಯ್ಯ ಆ ಕಡೆ ನೋಡಲೂ ಇಲ್ಲ. ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡ.

"ನೀನೂ ನಡಿಯೇ, ಮನೆಗೆ," ಎಂದು ಹಿರಿಯಬ್ಬೆ ಕೈಚಾಚಿದಳು. ಕೇತಬ್ಬೆ ಎದ್ದು ನಿಂತಳು. ಸುತ್ತಲೂ ಬೆನ್ನುಗಳಿರಲಿಲ್ಲ, ನೀರಿರಲಿಲ್ಲ, ನಾಲ್ಕು ದಿಕ್ಕೂ ಬಟಾಬಯಲು. ಯಾವ ಕಡೆಗೆ ಹೆಜ್ಜೆಯಿಡಬೇಕೋ ಅವಳ ಕಾಲಿಗೆ ತಿಳಿಯಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಗುಡ್ಡಕ್ಕೆ ಮರಳುವ ಹಕ್ಕನ್ನು ಕಳೆದುಕೊಂಡಿದ್ದಳು, ಗಾವುಂಡನ ಮನೆಯ ಸೊಸೆಯಾಗಿ ಮತ್ತೆ ಒಲೆ ಹಚ್ಚುವ ಮನಸ್ಸು ಇರಲಿಲ್ಲ. ಇವತ್ತು ಇಲ್ಲಿರುತ್ತೇನೆ ಎಂದಳು. ಆ ಇವತ್ತು ಮೂವತ್ತೊಂದು ವರ್ಷವಾಯಿತು. ಹೆಂಗಸರು ಬಿಟ್ಟುಹೋದ ಕೊಡಗಳನ್ನೇ ಇಟ್ಟುಕೊಂಡು ಅವಳು ಅಲ್ಲೊಂದು ಅರವಟ್ಟಿಗೆ ತೆರೆದಳು, ದಾರಿಹೋಕರಿಗೆ ಕೇಳಿದಷ್ಟು ನೀರು. ಕೆರೆ ತುಂಬಿದ ಮೇಲೆ ಊರಿನಿಂದ ದಿನಕ್ಕೊಬ್ಬಳು ನೀರು ತಂದು ಸುರಿಯುವಳು. ಸೊಸೆಯ ಕೈನೀರನ್ನು ಹಿರಿಯಬ್ಬೆ ಸಾಯುವ ತನಕ ವಾರಕ್ಕೊಮ್ಮೆಯಾದರೂ ಬಂದು ಕುಡಿದು ಹೋದಳು. ಎಷ್ಟೋ ವರ್ಷದ ಮೇಲೆ ಅದೇ ಮುನಿಗಳು ಆ ದಾರಿಯಲ್ಲಿ ಬಂದರು. ಕೇತಬ್ಬೆ ಎಲ್ಲವನ್ನೂ ಹೇಳಿ ಪ್ರಾಯಶ್ಚಿತ್ತ ಬೇಡಿದಳು. ಮುನಿಗಳು, ಮೊದಲ ತಪ್ಪು ನನ್ನದು ತಾಯಿ, ಅವತ್ತು ನನಗೆ ಅವಸರವಿತ್ತು ಎಂದರಂತೆ.

ದಿಣ್ಣೆಯ ಮೇಲಿನ ಅವಳ ಹದಿನಾರನೆಯ ಬೇಸಗೆಯಲ್ಲಿ ಕೆರೆ ತಾನಾಗಿ ಒಣಗಿತು, ಊರಿನವರಿಗೆ ನೀರು ತರುವುದು ಆಗದಾಯಿತು. ನೀರು ತುಂಬಿಡುವ ದೊಡ್ಡ ಹರವಿಯ ತಳ ಕಂಡ ದಿನ ಬೆಳಗ್ಗೆ ದಿಣ್ಣೆಯ ಮೂಡಣ ಬುಡದಲ್ಲಿ ಎರಡು ತುಂಬಿದ ಕೊಡಗಳಿದ್ದವು. ಹೆಗಲ ಮೇಲೆ ಅಡ್ಡೆಯ ಕೋಲು ಹೊತ್ತು ಒಬ್ಬ ಮುದುಕ ಹಳ್ಳದ ಕಡೆಗೆ ಕುಂಟುತ್ತ ಹೋಗುತ್ತಿದ್ದ. ಮರುದಿನ ಹಿಂದಿನ ಕೊಡಗಳು ಬರಿದಾಗಿ ಅಲ್ಲೇ ಇದ್ದವು, ಅವನ್ನು ಎತ್ತಿಕೊಂಡು ತುಂಬಿದವನ್ನು ಇಟ್ಟು ಹೋದ. ಮಳೆ ಬರುವ ತನಕ ದಿನವೂ ಹೀಗೆ. ಅವನು ದಿಣ್ಣೆ ಹತ್ತಲಿಲ್ಲ, ಅವಳು ಕರೆಯಲಿಲ್ಲ. ಸಿಟ್ಟು ಹೋಗುವುದಿಲ್ಲ ಎಂದಿದ್ದಳಲ್ಲ, ಹೋಗಿರಲಿಲ್ಲ. ಆದರೆ ಆ ನೀರನ್ನು ಅವಳು ಒಂದು ದಿನವೂ ಚೆಲ್ಲಲಿಲ್ಲ.

ಈಗ ವೈಶಾಖದಲ್ಲಿ ಕೊಡವಿಳಿಸಿದ ದಿಣ್ಣೆಗೆ ಹೋದವರಿಗೆ ಮಂಟಪದೊಳಗೆ ಕತ್ತಿನವರೆಗೆ ಮರಳಲ್ಲಿ ಹೂತ ದೊಡ್ಡ ಹರವಿ ಕಾಣಿಸುತ್ತದೆ. ಕುಂದಲಗೆರೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿರುತ್ತಾಳೆ. ಊರು ಯಾವುದು, ಯಾರ ಪೈಕಿ ಎಂದು ಕೇಳದೆ ಮೊದಲು ನೀರು ಕೊಡುವುದು ಅಲ್ಲಿನ ಪದ್ಧತಿ. ಊರಿಗೆ ನಲ್ಲಿ ಬಂದು ವರ್ಷಗಳಾದರೂ ಬೇಸಗೆಯ ಆ ಎರಡು ತಿಂಗಳು ಹರವಿಗೆ ಊರಿನ ನೀರು ಹಾಕುವುದಿಲ್ಲ. ಬೆಳಗಿನ ಬಿಸಿಲೇರುವ ಮೊದಲೇ ಹೋದರೆ ಹಳ್ಳದಾಚೆಯ ಊರಿನವನೊಬ್ಬ ಅಡ್ಡೆಯಲ್ಲಿ ಎರಡು ಕೊಡ ಹೊತ್ತು ಬರುವುದನ್ನು ನೋಡಬಹುದು. ಈಗ ಕೊಡಗಳು ಪ್ಲಾಸ್ಟಿಕ್ಕಿನವು. ಅವನ್ನು ದಿಣ್ಣೆಯ ಬುಡದಲ್ಲಿ ಇಟ್ಟು, ಮೇಲೆ ನೋಡದೆ, ಬರಿ ಕೊಡಗಳನ್ನು ಎತ್ತಿಕೊಂಡು ಅವನು ಹಿಂದಿರುಗುತ್ತಾನೆ. ಅವನು ಮರೆಯಾದ ಮೇಲೆ ಹೆಂಗಸು ಇಳಿದು ಬಂದು ಕೊಡಗಳನ್ನು ಒಂದೊಂದಾಗಿ ಮೇಲೆ ಹೊರುತ್ತಾಳೆ.